ಕಸವೂ ಪಾಕವಾಗುತ್ತದೆ: ಮಕ್ಕಳಿಗೆ ಕಲಿಸಬೇಕಾದ ಒಂದು ಪಾಠ

ನಾವು ಬೇಡವೆಂದು ಎಸೆದ ವಸ್ತುವಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬುಟ್ಟಿಗೆ ಬಿದ್ದ ಬಾಳೆಹಣ್ಣಿನ ಸಿಪ್ಪೆ, ಹಿತ್ತಲಿನಲ್ಲಿ ಮರೆತ ಕಬ್ಬಿಣದ ಮೊಳೆ, ಬಚ್ಚಲ ಒಲೆಗೆ ತುರುಕಿದ ಹಾಲಿನ ಕವರು, ಇವೆಲ್ಲವೂ ಕಣ್ಣಿನಿಂದ ಮರೆಯಾದ ಮೇಲೆಯೂ ಬದಲಾಗುತ್ತಲೇ ಇರುತ್ತವೆ. ಒಂದು ಗೊಬ್ಬರವಾಗುತ್ತದೆ, ಇನ್ನೊಂದು ತುಕ್ಕಾಗಿ ಉದುರುತ್ತದೆ, ಮತ್ತೊಂದು ಹೊಗೆಯಾಗಿ ನಮ್ಮದೇ ಮಗುವಿನ ಶ್ವಾಸಕೋಶವನ್ನು ಸೇರುತ್ತದೆ. ಎಸೆದ ವಸ್ತು ಏನಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ನಾವೇ. ಈ ಮಾತನ್ನು ಮಕ್ಕಳಿಗೆ ಮನವರಿಕೆ ಮಾಡಿಕೊಡುವುದು ಹೇಗೆಂಬುದು ಪ್ರಸ್ತುತ ಲೇಖನದ ವಿಚಾರ.

ಆರೋಗ್ಯದ ಪುಟದಲ್ಲಿ ಕಸದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಚಳಿಗಾಲದಲ್ಲಿ ಕೆಮ್ಮು, ಉಬ್ಬಸಗಳಿಂದ ಬಳಲುವ ಮಕ್ಕಳನ್ನು ಕರೆತರುವ ತಾಯಂದಿರಿಗೆ ಆಹಾರ ವಿಹಾರಗಳನ್ನು ವಿಚಾರಿಸಿದ ಬಳಿಕ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನೀರೊಲೆ ಹೊತ್ತಿಸುವುದಕ್ಕೆ ಏನು ಹಾಕುತ್ತೀರಮ್ಮಾ?" ಸೌದೆ ಹಸಿಯಾಗಿದ್ದರೆ ಒಂದೆರಡು ಪ್ಲಾಸ್ಟಿಕ್ ಚೀಲ ಹಾಕುತ್ತೇವೆ ಎಂಬ ಉತ್ತರ ಅಪರೂಪವಲ್ಲ. ಆ ಒಲೆಯ ಮುಂದೆ ಚಳಿ ಕಾಯಿಸುತ್ತ ಕುಳಿತುಕೊಳ್ಳುವವರು ಮಕ್ಕಳೇ. ಔಷಧದಿಂದ ಕೆಮ್ಮು ಶಮನವಾದೀತು. ಆದರೆ ಕಾರಣ ಉಳಿದಿರುವವರೆಗೆ ರೋಗ ಮರಳಿ ಬರುತ್ತದೆ. ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ತ್ಯಜಿಸುವುದು, ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಆಯುರ್ವೇದ ಸಾರಿದೆ. ಮನೆಯಲ್ಲಿ ಆ ಹೆಜ್ಜೆಯನ್ನು ಇಡಿಸಬಲ್ಲವರು ವಿಷಯವನ್ನು ಅರಿತ ಮಕ್ಕಳು. ಹಿರಿಯರು ವೈದ್ಯರ ಮಾತನ್ನು ಮರೆತಾರು. ಮೊಮ್ಮಗಳು ಕೈಹಿಡಿದು ತಡೆದರೆ ಮರೆಯಲಾರರು.

ಬದಲಾವಣೆ ಎರಡು ಬಗೆ

ಕಾಗದವನ್ನು ಹರಿದರೆ ಚೂರಾಗುತ್ತದೆ. ಆದರೆ ಪ್ರತಿಯೊಂದು ಚೂರೂ ಕಾಗದವೇ. ಮಂಜುಗಡ್ಡೆ ಕರಗಿದರೆ ನೀರಾಗುತ್ತದೆ; ಮತ್ತೆ ತಂಪುಮಾಡಿದರೆ ಮಂಜುಗಡ್ಡೆಯಾಗುತ್ತದೆ. ಆಕಾರ ಬದಲಾದರೂ ದ್ರವ್ಯ ಬದಲಾಗದ ಇಂಥದ್ದನ್ನು ಭೌತ ಬದಲಾವಣೆ ಎನ್ನುತ್ತೇವೆ. ಅದೇ ಕಾಗದವನ್ನು ಸುಟ್ಟರೆ ಉಳಿಯುವುದು ಬೂದಿ. ಬೂದಿಯಿಂದ ಕಾಗದವನ್ನು ಮರಳಿ ಪಡೆಯಲಾಗದು. ಇಲ್ಲಿ ದ್ರವ್ಯವೇ ಬೇರೆಯಾಗಿದೆ. ಇದು ರಾಸಾಯನಿಕ ಬದಲಾವಣೆ.

ಮಕ್ಕಳಿಗೆ ಇದನ್ನು ತೋರಿಸಲು ಆರತಿಯ ತಟ್ಟೆ ಸಾಕು. ಹಳದಿಯಾದ ಅರಿಶಿನದ ನೀರಿಗೆ ಬಿಳಿಯ ಸುಣ್ಣ ಬೆರೆತೊಡನೆ ಕೆಂಪು ನೀರು ಸಿದ್ಧವಾಗುವುದನ್ನು ಎಲ್ಲ ಮಕ್ಕಳೂ ಕಂಡಿರುತ್ತಾರೆ. "ಹಳದಿಗೆ ಬಿಳಿ ಸೇರಿದರೆ ತಿಳಿಹಳದಿಯಾಗಬೇಕಿತ್ತು, ಕೆಂಪು ಎಲ್ಲಿಂದ ಬಂತು?" ಎಂದು ಕೇಳಿರಿ. ಆ ಪ್ರಶ್ನೆಯಿಂದಲೇ ರಸಾಯನಶಾಸ್ತ್ರ ಆರಂಭವಾಗುತ್ತದೆ. ಬಣ್ಣ ಬದಲಾಗುವುದು, ವಾಸನೆ ಹುಟ್ಟುವುದು, ಗುಳ್ಳೆಗಳು ಏಳುವುದು, ತಾನಾಗಿ ಬಿಸಿಯಾಗುವುದು, ಇವು ರಾಸಾಯನಿಕ ಬದಲಾವಣೆಯನ್ನು ಸೂಚಿಸುವ ಕುರುಹುಗಳು.

ನಮ್ಮ ಹಿರಿಯರು ಈ ಬದಲಾವಣೆಗಳನ್ನು ಸೂಕ್ಷ್ಮವಾಗಿ ಗಮನಿಸಿದ್ದರೆಂಬುದಕ್ಕೆ ಅಡುಗೆಮನೆಯ ಮಾತುಗಳೇ ಸಾಕ್ಷಿ. ಅನ್ನ ಹಳಸುತ್ತದೆ, ಹಿಟ್ಟು ಹುಳಿಯುತ್ತದೆ, ಹಾಲು ಒಡೆಯುತ್ತದೆ, ಎಣ್ಣೆ ಕಮಟಾಗುತ್ತದೆ, ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಒಂದೊಂದು ಬದಲಾವಣೆಗೂ ಒಂದೊಂದು ಹೆಸರು. ಅಜ್ಜಿಯ ಈ ಪದಗಳನ್ನು ಮಕ್ಕಳಿಂದ ಪಟ್ಟಿ ಮಾಡಿಸುವುದೇ ಉತ್ತಮವಾದ ಮೊದಲ ಪಾಠ.

ಪಾಕ, ಸಾರ ಮತ್ತು ಕಿಟ್ಟ

ಆಯುರ್ವೇದದಲ್ಲಿ ಬದಲಾವಣೆಗೆ ಕಾರಣವಾದ ಶಕ್ತಿಗೆ ಅಗ್ನಿಯೆಂದು ಹೆಸರು. ಶರೀರದಲ್ಲಿ ಜಠರಾಗ್ನಿ 1, ಭೂತಾಗ್ನಿ 5, ಧಾತ್ವಗ್ನಿ 7, ಹೀಗೆ ಒಟ್ಟು 13 ಅಗ್ನಿಗಳನ್ನು ಹೇಳಲಾಗಿದೆ. ಉಂಡ ಅನ್ನವು ಪಾಕಗೊಂಡು ಸಾರ ಮತ್ತು ಕಿಟ್ಟವೆಂದು ಎರಡಾಗುತ್ತದೆ. ಸಾರ ಧಾತುಗಳನ್ನು ಪೋಷಿಸುತ್ತದೆ. ಕಿಟ್ಟ ಮಲರೂಪದಿಂದ ಹೊರಹೋಗುತ್ತದೆ. ಅಗ್ನಿ ಮಂದವಾದರೆ ಅನ್ನವು ಅರ್ಧಪಕ್ವವಾಗಿ ಆಮವಾಗುತ್ತದೆ. ಆಮವು ಹಲವು ರೋಗಗಳ ಮೂಲ.

ಕಸವನ್ನು ಅರ್ಥಮಾಡಿಕೊಳ್ಳುವುದಕ್ಕೆ ಇದು ಒಳ್ಳೆಯ ಹೋಲಿಕೆ. ಗಾಳಿಯಾಡುವ ತಿಪ್ಪೆಯಲ್ಲಿ ಕಸ ಚೆನ್ನಾಗಿ ಪಾಕವಾಗಿ ಗೊಬ್ಬರವೆಂಬ ಸಾರವನ್ನು ಕೊಡುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಬಿಗಿದು ಕಟ್ಟಿದ ಕಸ ಉಸಿರುಗಟ್ಟಿ ನಾರುತ್ತದೆ, ಅದು ಆಮದಂತೆ. ಇನ್ನು ಪ್ಲಾಸ್ಟಿಕ್ ಮಣ್ಣಿನ ಅಗ್ನಿಗಾಗಲಿ ಹಸುವಿನ ಜಠರಾಗ್ನಿಗಾಗಲಿ ಜೀರ್ಣವಾಗದ ವಸ್ತು.

ಕಿಟ್ಟವೆಂದರೆ ಸದಾ ನಿರುಪಯುಕ್ತವೆಂದೂ ತಿಳಿಯಬಾರದು. ಕಬ್ಬಿಣದ ಕಿಟ್ಟಕ್ಕೆ ನಮ್ಮ ರಸಶಾಸ್ತ್ರದಲ್ಲಿ ಮಂಡೂರವೆಂದು ಹೆಸರು. 100 ವರ್ಷಗಳಷ್ಟು ಹಳೆಯ ಕಿಟ್ಟವು ಶ್ರೇಷ್ಠವೆಂಬುದು ಶಾಸ್ತ್ರದ ಮಾತು. ಅದನ್ನು ಕಾಯಿಸಿ, ಗೋಮೂತ್ರದಲ್ಲಿ ಅದ್ದಿ ಶೋಧಿಸಿ, ಪುಟಪಾಕಗಳಲ್ಲಿ ಭಸ್ಮಮಾಡಿದ ಮೇಲೆ ಪಾಂಡುರೋಗದಲ್ಲಿ ಬಳಸುವ ಔಷಧವಾಗುತ್ತದೆ. ಕುಲುಮೆಯ ಕಸ ಔಷಧವಾಗುವುದು ಸರಿಯಾದ ಸಂಸ್ಕಾರ ದೊರೆತಾಗ ಮಾತ್ರ. ಮನೆಯ ಕಸಕ್ಕೂ ಇದೇ ನಿಯಮ.

ಮೊದಲ ಪಾಠ: ಕೊಳೆಯುವುದು

ಹಸಿಕಸವನ್ನು ಕೊಳೆಯಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಬೇಕಾದುದು ಆಹಾರ, ಗಾಳಿ ಮತ್ತು ತೇವ. ತರಕಾರಿ ಸಿಪ್ಪೆ, ಸಗಣಿಗಳಲ್ಲಿ ಸಾರಜನಕ ಹೆಚ್ಚು. ಒಣಗಿದ ಎಲೆ, ಹುಲ್ಲುಗಳಲ್ಲಿ ಇಂಗಾಲ ಹೆಚ್ಚು. ಸಾರಜನಕ 1 ಪಾಲಿದ್ದರೆ ಇಂಗಾಲ ಸುಮಾರು 30 ಪಾಲಿರುವಂತೆ ಹಸಿ ಮತ್ತು ಒಣ ಪದಾರ್ಥಗಳನ್ನು ಬೆರೆಸಿದರೆ ಗೊಬ್ಬರ ಬೇಗ ಸಿದ್ಧವಾಗುತ್ತದೆ. ತೇವವು ಹಿಂಡಿದ ಬಟ್ಟೆಯಷ್ಟಿದ್ದರೆ ಸಾಕು.

ಚೆನ್ನಾಗಿ ಒಟ್ಟಿದ ರಾಶಿಯ ನಡುವೆ ಕೆಲವೇ ದಿನಗಳಲ್ಲಿ ಉಷ್ಣಾಂಶ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಆ ಕಾವಿಗೆ ಅನೇಕ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಚಳಿಗಾಲದ ಮುಂಜಾನೆ ತಿಪ್ಪೆಯಿಂದ ಹಬೆಯಾಡುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತಾರೆ. ಯಾರೂ ಬೆಂಕಿಯಿಡದೆ ಬಿಸಿ ಹುಟ್ಟಿದ್ದು ಹೇಗೆಂದು ಅವರನ್ನು ಕೇಳಿರಿ.

ಗಾಳಿಯಿಲ್ಲದೆಡೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿಯುತ್ತವೆ. ಅವುಗಳಿಂದ ಮೀಥೇನ್ ಅನಿಲವೂ ದುರ್ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವೂ ಹುಟ್ಟುತ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಇದನ್ನೇ ಹಿಡಿದಿಟ್ಟು ಅಡುಗೆಗೆ ಬಳಸುತ್ತೇವೆ. ಅದರಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಮೀಥೇನ್. ಅದೇ ಕ್ರಿಯೆ ಊರ ಹೊರಗಿನ ಬೆರಕೆ ಕಸದ ಗುಡ್ಡದಲ್ಲಿ ನಡೆದರೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಕೊಳೆತ ರಸವು ನೆಲಕ್ಕಿಳಿದು ಬಾವಿಗಳನ್ನು ಕೆಡಿಸುತ್ತದೆ. ಬೆಂಗಳೂರಿನ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರುಗಳ ಗ್ರಾಮಸ್ಥರು ಬೀದಿಗಿಳಿದು ಪ್ರತಿಭಟಿಸಬೇಕಾಗಿ ಬಂದದ್ದನ್ನು ನಾಡು ಕಂಡಿದೆ. ಕ್ರಿಯೆ ಒಂದೇ, ಫಲ ಮಾತ್ರ ವ್ಯವಸ್ಥೆಗೆ ತಕ್ಕಂತೆ.

ಪ್ರಯೋಗ: ಐದು ಹಳೆಯ ಕುಂಡಗಳಲ್ಲಿ ಹಸಿ ಮಣ್ಣು ತುಂಬಿ, ಒಂದೊಂದರಲ್ಲಿ ಬಾಳೆಯೆಲೆ, ಪತ್ರಿಕೆಯ ತುಂಡು, ಹತ್ತಿಬಟ್ಟೆ, ಹಾಲಿನ ಕವರು, ಕಬ್ಬಿಣದ ಮೊಳೆ ಇವನ್ನು ಹೂಳಿಸಿರಿ. ಪ್ರತಿ 15 ದಿನಗಳಿಗೊಮ್ಮೆ ಅಗೆದು ನೋಡಿ ಚಿತ್ರ ಬರೆಯಲಿ. ಮೂರನೆಯ ಬಾರಿ ಅಗೆಯುವ ಹೊತ್ತಿಗೆ ಎಲೆ ಮಣ್ಣಿನೊಂದಿಗೆ ಬೆರೆಯತೊಡಗಿರುತ್ತದೆ, ಮೊಳೆ ಕೆಂಪಾಗಿರುತ್ತದೆ, ಹಾಲಿನ ಕವರು ಮಾತ್ರ ತೊಳೆದರೆ ಹೊಸದರಂತಿರುತ್ತದೆ. ಇಷ್ಟನ್ನು ಕಂಡ ಮಗುವಿಗೆ ಪ್ಲಾಸ್ಟಿಕ್ ಕುರಿತು ಉಪದೇಶ ಬೇಕಾಗದು. ಮಣ್ಣು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಸುವುದನ್ನು ಮರೆಯಬೇಡಿರಿ.

ಇನ್ನೊಂದು ಪ್ರಯೋಗ: ಬಾಟಲಿಯಲ್ಲಿ ಹಣ್ಣಿನ ಸಿಪ್ಪೆ, ಸ್ವಲ್ಪ ಬೆಲ್ಲದ ನೀರು ಹಾಕಿ ಬಾಯಿಗೆ ಬಲೂನು ಕಟ್ಟಿರಿ. ಕೆಲವು ದಿನಗಳಲ್ಲಿ ಬಲೂನು ಉಬ್ಬತೊಡಗುತ್ತದೆ. ಒಳಗೆ ಅನಿಲ ಹುಟ್ಟಿತೆಂಬುದಕ್ಕೆ ಅದೇ ಪುರಾವೆ. ಬಾಟಲಿಗೆ ಬಿರಡೆ ಬಿಗಿಯಬಾರದು, ಒತ್ತಡಕ್ಕೆ ಸಿಡಿದೀತು.

ಎರಡನೆಯ ಪಾಠ: ತುಕ್ಕು ಮತ್ತು ಕಿಲುಬು

ಕಬ್ಬಿಣವು ಗಾಳಿಯ ಆಮ್ಲಜನಕ ಮತ್ತು ನೀರಿನೊಡನೆ ಕೂಡಿದಾಗ ತುಕ್ಕು ಹಿಡಿಯುತ್ತದೆ. ಮೂರು ಲೋಟಗಳಲ್ಲಿ ಮೂರು ಮೊಳೆಗಳನ್ನಿಡಿಸಿರಿ: ಒಂದು ಒಣ ಲೋಟ, ಇನ್ನೊಂದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು, ಮತ್ತೊಂದರಲ್ಲಿ ಅಷ್ಟೇ ಉಪ್ಪುನೀರು. ಯಾವುದು ಮೊದಲು ಕೆಂಪಾಗುವುದೆಂದು ಮಕ್ಕಳು ಮುಂಚಿತವಾಗಿ ಊಹಿಸಿ ಬರೆಯಲಿ. ಊಹೆ ತಪ್ಪಿದರೂ ಚಿಂತೆಯಿಲ್ಲ. ಏಕೆ ತಪ್ಪಿತೆಂದು ಯೋಚಿಸುವುದೇ ವಿಜ್ಞಾನ.

ಹಿತ್ತಾಳೆಯ ದೀಪಕ್ಕೆ ಹಿಡಿದ ಕಿಲುಬನ್ನು, ಹಿಂಡಿ ಉಳಿದ ಹುಣಸೆಹಣ್ಣಿನಿಂದ ಉಜ್ಜಿಸಿರಿ. ಹುಣಸೆಯ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಒಂದು ಕಸ ಇನ್ನೊಂದು ಕೊಳೆಯನ್ನು ಕಳೆಯಿತು. ಇದೇ ಸಂದರ್ಭದಲ್ಲಿ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಮಜ್ಜಿಗೆ, ಹುಳಿ, ಉಪ್ಪಿನಕಾಯಿಗಳನ್ನು ಏಕೆ ಇಡಬಾರದೆಂದು ತಿಳಿಸಿರಿ. ದೀಪವನ್ನು ಬೆಳಗಿದ ಅದೇ ಆಮ್ಲವು ಪಾತ್ರೆಯ ಲೋಹವನ್ನು ಆಹಾರಕ್ಕಿಳಿಸುತ್ತದೆ, ವಾಂತಿ, ಹೊಟ್ಟೆನೋವುಗಳುಂಟಾಗುತ್ತವೆ.

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುವುದೆಂಬ ಮಾತನ್ನು ಮಕ್ಕಳು ಕೇಳಿರುತ್ತಾರೆ. ರೋಗಕ್ಕೆ ಕಾರಣ ತುಕ್ಕಲ್ಲ. ಮಣ್ಣು, ಸಗಣಿಗಳಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯ. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆಯುತ್ತದೆ. ಹೊಳೆಯುವ ಹೊಸ ಮೊಳೆಯಿಂದಲೂ, ಮುಳ್ಳಿನಿಂದಲೂ ಅಪಾಯವುಂಟು. ಆದ್ದರಿಂದ ಗಾಯವನ್ನು ತೊಳೆದು ವೈದ್ಯರಿಗೆ ತೋರಿಸಬೇಕು. ಶೈಶವದ ಲಸಿಕೆಗಳ ಜೊತೆಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರ ಉಚಿತವಾಗಿ ನೀಡುವ ಲಸಿಕೆಯನ್ನೂ ತಪ್ಪದೆ ಹಾಕಿಸಬೇಕು.

ಮೂರನೆಯ ಪಾಠ: ಸುಡುವುದು

ಮೂರರಲ್ಲಿ ಅತ್ಯಂತ ವೇಗದ ಬದಲಾವಣೆ ಇದು. ಅತ್ಯಂತ ಅಪಾಯಕಾರಿಯೂ ಇದೇ. ಕಸಕ್ಕೆ ಬೆಂಕಿಯಿಟ್ಟರೆ ಕಸ ಕಣ್ಮರೆಯಾಗುತ್ತದೆ, ಅಂಗಳ ಸ್ವಚ್ಛವಾಗುತ್ತದೆ ಎಂಬ ಭ್ರಮೆ ನಮ್ಮಲ್ಲಿದೆ. ಅದು ಹೊಗೆ ಮತ್ತು ಬೂದಿಯಾಗಿ ರೂಪಾಂತರಗೊಂಡಿತೇ ಹೊರತು ಇಲ್ಲವಾಗಲಿಲ್ಲ. ಸೌದೆಯ ಹೊಗೆಯೂ ಶ್ವಾಸಕೋಶಕ್ಕೆ ಹಿತವಲ್ಲ. ಪ್ಲಾಸ್ಟಿಕ್ ಬೆರೆತ ಹೊಗೆಯ ಕೇಡು ಇನ್ನೂ ದೊಡ್ಡದು.

ವಿದ್ಯುತ್ ತಂತಿಯ ಹೊದಿಕೆ, ಪಿ.ವಿ.ಸಿ. ಪೈಪು, ರೆಕ್ಸಿನ್, ಜಾತ್ರೆ ಹಬ್ಬಗಳಲ್ಲಿ ಕಟ್ಟುವ ಫ್ಲೆಕ್ಸ್, ಇವು ಕ್ಲೋರಿನ್ ಉಳ್ಳ ಪ್ಲಾಸ್ಟಿಕ್ಕುಗಳು. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್ನೇ. ಸುಟ್ಟಾಗ ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊರಟು ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಉಗ್ರವಾದುದನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು. ಹಾಲಿನ ಕವರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ, ಅರೆಬೆಂದಾಗ ಅದು ಕಾರ್ಬನ್ ಮಾನಾಕ್ಸೈಡನ್ನೂ ಮಸಿಯನ್ನೂ ಉಗುಳುತ್ತದೆ. ಮಸಿಗಂಟಿದ ಕೆಲವು ರಾಸಾಯನಿಕಗಳೂ ಕ್ಯಾನ್ಸರ್‌ಕಾರಕವೇ.

ಡಯಾಕ್ಸಿನ್ನಿನ ಪಯಣವನ್ನು ಮಕ್ಕಳಿಗೆ ಕಥೆಯಂತೆ ಹೇಳಬೇಕು. ಹೊಗೆಯೊಡನೆ ಮೇಲೇರಿದ ವಿಷ ಹುಲ್ಲಿನ ಮೇಲಿಳಿಯುತ್ತದೆ. ಹುಲ್ಲನ್ನು ಹಸು ಮೇಯುತ್ತದೆ. ವಿಷವು ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಹಾಲಿನ ಕೆನೆಯನ್ನು ಸೇರುತ್ತದೆ. ಹಾಲಿನೊಡನೆ ಮಗುವಿನ ಲೋಟಕ್ಕೆ ಮರಳುತ್ತದೆ. ಮನುಷ್ಯ ಶರೀರವನ್ನು ಸೇರುವ ಡಯಾಕ್ಸಿನ್ನಿನಲ್ಲಿ ಶೇಕಡ 90ಕ್ಕೂ ಹೆಚ್ಚು ಆಹಾರದ ಮೂಲಕ, ಮುಖ್ಯವಾಗಿ ಹಾಲು, ಮಾಂಸ, ಮೀನುಗಳ ಮೂಲಕ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಒಮ್ಮೆ ಹೊಕ್ಕರೆ ಅದರ ಅರ್ಧಭಾಗ ಶರೀರವನ್ನು ಬಿಡಲು ಸುಮಾರು 7ರಿಂದ 11 ವರ್ಷ ಬೇಕು. ಇದರಿಂದ ಹಾಲನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ಬಿಡಬೇಕಾದುದು ಕಸ ಸುಡುವ ಅಭ್ಯಾಸವನ್ನು.

ಬೂದಿಯಲ್ಲಿಯೂ ಭೇದವಿದೆ. ಶುದ್ಧ ಸೌದೆಯ ಬೂದಿ ಕ್ಷಾರಗುಣವುಳ್ಳದ್ದು. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಅದರ ತಿಳಿನೀರನ್ನು ಹಾಕಿದರೆ ಕೆಂಪಾಗುತ್ತದೆ. ಉತ್ತರಣಿಯ ಬೂದಿಯಿಂದ ವೈದ್ಯರು ಅಪಾಮಾರ್ಗ ಕ್ಷಾರವನ್ನು ತಯಾರಿಸುವುದು ಈ ಗುಣದಿಂದಲೇ. ಅಂಥ ಬೂದಿ ಪಾತ್ರೆ ಬೆಳಗುವುದಕ್ಕೂ ಗಿಡಗಳಿಗೂ ಉಪಯುಕ್ತ. ಬಣ್ಣದ ಪ್ಲಾಸ್ಟಿಕ್, ತಂತಿ, ಬ್ಯಾಟರಿಗಳನ್ನು ಸುಟ್ಟ ಬೂದಿಯಲ್ಲಿ ಸೀಸ ಮೊದಲಾದ ಭಾರಲೋಹಗಳು ಉಳಿಯುತ್ತವೆ. ಇವೆರಡೂ ಒಂದೇ ಒಲೆಯಲ್ಲಿ ಬೆರೆತರೆ ಬೇರ್ಪಡಿಸುವ ಉಪಾಯವಿಲ್ಲ. ಆ ಬೂದಿಯಿಂದ ಪಾತ್ರೆ ತಿಕ್ಕುವುದೂ, ಹಲ್ಲುಜ್ಜುವುದೂ ವಿಷವನ್ನು ಮನೆಯೊಳಗೆ ಕರೆದಂತೆ.

ಈ ಪಾಠವನ್ನು ಮಾತಿನಲ್ಲಿಯೇ ಹೇಳಬೇಕು. ತೋರಿಸುವುದಕ್ಕಾಗಿ ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಸುಡಬಾರದು.

ಮಕ್ಕಳ ಕೈಗೆ ಸಿಗಬಾರದ ಕಸ

ಕೆಲವು ಕಸಗಳಲ್ಲಿ ರಾಸಾಯನಿಕ ಕ್ರಿಯೆ ಶರೀರದೊಳಗೇ ನಡೆಯುವ ಅಪಾಯವಿದೆ. ಆಟಿಕೆ, ಕೈಗಡಿಯಾರ, ರಿಮೋಟುಗಳಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಇವುಗಳಲ್ಲಿ ಮುಖ್ಯವಾದುದು. ಅದನ್ನು ನುಂಗಿದ ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ, ಒಳಗಿನ ತೇವದ ಮೂಲಕ ವಿದ್ಯುತ್ ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ; ಎರಡು ಗಂಟೆಗಳೊಳಗೆ ಅನ್ನನಾಳ ಸುಟ್ಟುಹೋಗಬಹುದು. ಬಳಸಿ ಬಿಸುಟ ಬ್ಯಾಟರಿಯೂ ಇದಕ್ಕೆ ಸಾಕು. ಅನುಮಾನ ಬಂದೊಡನೆ, ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಸೌಲಭ್ಯವುಳ್ಳ ಆಸ್ಪತ್ರೆಗೆ ಧಾವಿಸಬೇಕು. ವಾಂತಿ ಮಾಡಿಸಬಾರದು. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಮೀರದಿದ್ದು, ನುಂಗುವ ಶಕ್ತಿಯಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಚಿಕ್ಕ ಚಮಚ ಜೇನುತುಪ್ಪವನ್ನು ಆರು ಬಾರಿ ಮೀರದಂತೆ ಕೊಡಬಹುದೆಂದು ಆಧುನಿಕ ವೈದ್ಯರೂ ಸೂಚಿಸುತ್ತಾರೆ. ಅದು ಹಾನಿಯನ್ನು ತುಸು ತಡೆಯುತ್ತದೆ, ಅಷ್ಟೆ. ಜೇನು ಹುಡುಕುತ್ತ ಹೊತ್ತು ಕಳೆಯಬಾರದು. ವರ್ಷ ತುಂಬದ ಶಿಶುವಿಗೆ ಜೇನು ಸಲ್ಲದು.

ಒಡೆದ ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಸ್ವಲ್ಪ ಹೊತ್ತಿನ ಬಳಿಕ ದಪ್ಪ ರಟ್ಟಿನಿಂದ ಚೂರುಗಳನ್ನು ಬಳಿದು ಡಬ್ಬಿಯಲ್ಲಿ ಮುಚ್ಚಿಡಬೇಕು, ಪೊರಕೆಯಿಂದ ಗುಡಿಸಬಾರದು. ಬ್ಲೀಚಿಂಗ್ ಪೌಡರನ್ನೂ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಹುಟ್ಟಿ ಉಸಿರು ಕಟ್ಟುತ್ತದೆ. ಇವೆರಡರ ಖಾಲಿ ಡಬ್ಬಿಗಳೂ ಮಕ್ಕಳ ಆಟಕ್ಕೆ ದೊರೆಯಬಾರದು.

ಕಲಿಸುವ ಕ್ರಮ

ಐದರಿಂದ ಎಂಟು ವರ್ಷದ ಮಕ್ಕಳಿಗೆ ನೋಡುವುದು, ಬೇರ್ಪಡಿಸುವುದು ಸಾಕು: ಹಸಿಕಸ ಒಂದು ಬುಟ್ಟಿ, ಒಣಕಸ ಇನ್ನೊಂದು, ಮುಟ್ಟಬಾರದ ಕಸ ಹಿರಿಯರ ಕೈಗೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮನೆಗಳಿಗೆ ವಿಧಿಸಿದ್ದು ಈ ಮೂರು ವಿಂಗಡಣೆಯನ್ನೇ. ಒಂಬತ್ತರಿಂದ ಹನ್ನೆರಡರ ಮಕ್ಕಳು ಮೇಲಿನ ಪ್ರಯೋಗಗಳನ್ನು ಮಾಡಿ ದಿನಾಂಕ ಸಹಿತ ಪುಸ್ತಕದಲ್ಲಿ ಬರೆಯಲಿ. ಪ್ರೌಢಶಾಲೆಯವರು ಪಠ್ಯದಲ್ಲಿ ಓದಿದ ಉತ್ಕರ್ಷಣ, ದಹನ, ಹುದುಗುವಿಕೆ ಮೊದಲಾದ ಪದಗಳನ್ನು ಮನೆಯ ತಿಪ್ಪೆಯಲ್ಲಿಯೂ ಒಲೆಯಲ್ಲಿಯೂ ಗುರುತಿಸಲಿ. ಎಲ್ಲ ವಯಸ್ಸಿನವರಿಗೂ ಕೇಳಬೇಕಾದ ಪ್ರಶ್ನೆ ಒಂದೇ: "ಇದನ್ನು ಎಸೆದ ಮೇಲೆ ಇದು ಏನಾಗುತ್ತದೆ?"

ಹಿರಿಯರ ಪಾಲಿನ ಕರ್ತವ್ಯವೂ ಇದೆ. ಮಗುವಿಗೆ ಪಾಠ ಹೇಳಿ ಅದರ ಕಣ್ಣೆದುರೇ ಒಲೆಗೆ ಪ್ಲಾಸ್ಟಿಕ್ ಹಾಕಿದರೆ ಪಾಠ ನಿಷ್ಫಲ. ಒಲೆ ಹೊತ್ತಿಸಲು ತೆಂಗಿನ ನಾರು, ಒಣ ಸೋಗೆ, ಬೆರಣಿಯ ಚೂರುಗಳನ್ನು ಮಳೆಗಾಲಕ್ಕೆ ಮುನ್ನವೇ ಬೆಚ್ಚಗೆ ಎತ್ತಿಡಿರಿ. ಹಾಲಿನ ಕವರುಗಳನ್ನು ತೊಳೆದು ಒಣಗಿಸಿ ಕೂಡಿಟ್ಟು ಗುಜರಿಯವರಿಗೆ ಕೊಡಿರಿ.

ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದ ಬಾಳೆಯೆಲೆ, ಮುತ್ತುಗದ ಎಲೆಗಳು ತಿಪ್ಪೆಯನ್ನು ಸೇರಿ ಮುಂದಿನ ಬೆಳೆಗೆ ಆಹಾರವಾಗುತ್ತವೆ. ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ಆ ಭಾಗ್ಯವಿಲ್ಲ. ಏಕಬಳಕೆಯ ಅಂಥ ವಸ್ತುಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ಎಲೆ ಎತ್ತುವ ಕಾಯಕದಲ್ಲಿ ಮಕ್ಕಳನ್ನೂ ಜೊತೆಗೂಡಿಸಿಕೊಂಡು, ಎಲೆಗೊಂದು ಬುಟ್ಟಿ, ಉಳಿದುದಕ್ಕೊಂದು ಬುಟ್ಟಿ ಇಡಿಸಿರಿ. ಆ ಎಲೆಗಳಿಂದಾದ ಗೊಬ್ಬರವನ್ನು ಆರು ತಿಂಗಳ ಬಳಿಕ ಅವರ ಕೈಯಿಂದಲೇ ಗಿಡದ ಬುಡಕ್ಕೆ ಹಾಕಿಸಿರಿ. ಮಣ್ಣಿನ ವಾಸನೆಯ ಆ ಕಪ್ಪು ಹುಡಿಯನ್ನು ಮುಟ್ಟಿದ ಮಗು ಮುಂದೆ ಕಸಕ್ಕೆ ಕಡ್ಡಿ ಗೀರುವ ಮೊದಲು ಯೋಚಿಸುತ್ತದೆ. ಗೀರಹೊರಟ ನಮ್ಮನ್ನೂ ತಡೆಯುತ್ತದೆ.